ಕಟ್ಟಿಗಿ ಝಾಡಿಸಾಕಿ ಭರಮವ್ವ

ದೇಸೂರ ಸ್ಟೇಶನ್ ಬಾಜೂಕ ರತ್ನಮಾಲಾ ಅಕ್ಕಾರದೊಂದು ಧರ್ಮಶಾಲಾ ಐತಿ. ಬೆಳಗಾವಿ ಕೋಟೆಯೊಳಗಿನ ಬಸದಿಗೆ ಬಂದ ಜೈನ ಮಂದಿ ಅಲ್ಲಿ ಇಳಕೊಂತಾರ. ಅವರಿಗೆ ಕಾಸಿದ ನೀರ ಬೇಕು. ಅದಕ್ಕಂತ ಹಿತ್ತಲದಾಗ ಆಳೆತ್ತರದ ಕಬ್ಬಿಣದ ಭಟ್ಟಿ, ಅದರ ನೆತ್ತಿ ಮ್ಯಾಲ ನೀರಿನ ಟಾಕಿ. ಅದನ್ನ ಉರಿಸಾಕಿ ಭರಮವ್ವ.

ಭಟ್ಟಿಗೆ ಹಾಕೂ ಮುಂದ ಒಂದೊಂದ ಕಟ್ಟಿಗೀನೂ ನೆಲಕ್ಕ ಬಡದು ಝಾಡಿಸಬೇಕು. ಇರಿವಿ, ಹುಳ ಸುಟ್ಟರ ಪಾಪ ಅಂತ ಅಕ್ಕಾರ ಕಟ್ಟಪ್ಪಣಿ. ಭರಮವ್ವ ಜೈನರಾಕಿ ಅಲ್ಲ, ಖರೇ ಆ ರೂಢಿ ಆಕಿ ಕೈಗೆ ಹತ್ತಿಬಿಟ್ಟಿತ್ತು.

ಗಂಡ ಸಾತಪ್ಪಗ ಅದೇ ಕಟ್ಟಿಗಿ ಹೆಂಡತಿ ಬೆನ್ನಿಗೆ ಬೇಕು. ಅಂವ ಕುಡದ ಬಂದು ಬಡಿಯಾಕ ನಿಂತರ ಧರ್ಮಶಾಲಾದ ಮಂದಿ ಕಿಡಕಿ ಮುಚ್ಚಕೊಂತಿದ್ರು. ಗಂಡ ಹೆಂಡರ ಜಗಳ ಉಂಡು ಮಲಗೂತನಕ ಅಂತ ಅಕ್ಕಾರೂ ಗಾಯಕ್ಕ ಅರಿಶಿಣ ಕೊಟ್ಟು ಕಳಿಸ್ತಿದ್ರು. ಎಂಥಾ ಗಾದಿ ಮಾತ ತಗದ್ರಪಾ! ಉಂಡು ಮಲಗಿದ ಮ್ಯಾಲೂ ಒದೀತಿದ್ದ ಆ ಭಾಡ್ಯಾ.

ಆವತ್ತ ಅಂವ ಗುಂಜಿ ಅಡವಿಯಿಂದ ಹಸಿ ಕಟ್ಟಿಗಿ ತಂದು, ಝಾಡಿಸದನ ಭಟ್ಟಿ ತುಂಬಿ ಬಾಗಲಾ ಹಾಕಿದ. ಕಟ್ಟಿಗಿ ಉರೀಲಿಲ್ಲ. ಹೊಗಿ ಹೋಗೂ ಕೊಳವ್ಯಾಗ ಮಸಿ ಕಟ್ಟಿ, ಹೊಗಿ ಒಳಗ ಸಿಕ್ಕೊಂಡ್ತು. ಇಂಥಾ ಹೊತ್ತಿನ್ಯಾಗ ಮದಲ ಕೊಳವಿ ಬಡದು ಮಸಿ ಉದುರಿಸಬೇಕು. ಆಮ್ಯಾಲ ಬಾಜೂಕ ನಿಂತು, ಬಾಗಲಾ ಒಂದ ಬೆರಳಿನಷ್ಟ ತೆರದು ಭಟ್ಟಿಗೆ ಉಸರ ಕೊಡಬೇಕು. ಒಮ್ಮೆಲೇ ತೆರದ್ರ ಒಳಗಿನ ಹೊಗಿ ಭಗ್ ಅಂತ ಹೊತ್ತಿ ಹೊರಗ ಹಾರತೈತಿ. ಭರಮವ್ವ ಇದನ್ನ ಗಂಡಗ ಹೇಳಿ ಹೇಳಿ ಸಾಕಾಗಿದ್ದಳು.

"ನೀರ ಕಾಯ್ಲಿಲ್ಲಂದ್ರ ನಿನ್ನ ಒಳಗ ಹಾಕಿ ಕಾಸ್ತೀನಿ," ಅಂದ ಸಾತಪ್ಪ, ಕಟ್ಟಿಗಿಲೆ ಆಕಿ ಬಾಯಿಗೆ ಹೊಡದ. ಮುಂದಿನ ಹಲ್ಲ ಮುರದು ನೆಲಕ್ಕ ಬಿದ್ವು. ತುರುಬ ಹಿಡದು ಧರಧರ ಎಳಕೊಂಡು ಭಟ್ಟಿ ಮುಂದ ತಂದ. ಇವತ್ತ ಸಾಯ್ತೀನಿ ಅನ್ನೂದು ಭರಮವ್ವಗ ಖಾತ್ರಿ ಆತು.

ಅಂವ ಭಟ್ಟಿ ಬಾಗಲದ ಚಿಲಕಕ್ಕ ಕೈ ಹಾಕಿದ. ಹಂಗ ತೆಗೀಬ್ಯಾಡ ಅನ್ನೂ ಮಾತು ಆಕಿ ನಾಲಿಗಿ ತುದೀಗೆ ಬಂತು. ರಕ್ತದ ಜೋಡಿ ಅದನ್ನೂ ನುಂಗಿ, ಕೊಸರಕೊಂಡು ನೆಲಕ್ಕ ಬೋರಲ ಬಿದ್ದಳು.

ಅಂವ ಬಾಗಲಾ ಒಮ್ಮೆಲೇ ಜಗ್ಗಿದ. ಉರಿ ಆಕಿ ತಲಿ ಮ್ಯಾಲಿಂದ ಹಾರಿ ಸಾತಪ್ಪನ ಮಾರಿ ಹಿಡೀತು. ಅಂವ ಒದರಿಕೊಂತ ಹಿತ್ತಲ ತುಂಬ ಹೊಳ್ಳಾಡಿದ. ಬೆಳಗಾವಿ ದವಾಖಾನಿ ಮುಟ್ಟೂದ್ರಾಗ ಜೀವ ಹೋತು.

ಸಾತಪ್ಪನ್ನ ಮಣ್ಣ ಮಾಡೂ ಕೆಲಸ ಎಲ್ಲಾ ಮುಗದ ಮ್ಯಾಲ ರತ್ನಮಾಲಾ ಅಕ್ಕಾರು ಹಿತ್ತಲಕ್ಕ ಬಂದ್ರು. ಭರಮವ್ವ ಕಟ್ಟಿಗಿ ಝಾಡಿಸಾಕತ್ತಿದ್ದಳು.

"ಅಂವಗ ಒಂದ ಮಾತ ಹೇಳಬಾರದಿತ್ತೇನವಾ? ಒಂದ ಇರಿವಿ ಸುಡಗೊಡಾಕಿ ಅಲ್ಲ ನೀ."

ಭರಮವ್ವ ಕೈಯಾಗಿನ ಕಟ್ಟಿಗಿ ಕೆಳಗಿಟ್ಟಳು.

"ಇರಿವಿಗೆ ನಾ ಇದ್ದೆರಿ ಅಕ್ಕಾರ," ಅಂದಳು. "ನನಗ ಯಾರಿದ್ರು ಹೇಳ್ರಿ?"