ನರ್ಸಮ್ಮನಿಗೆ ಒಂದು ಹಂಡೆ ಬಿಸಿನೀರು

ಸಖರಾಯಪಟ್ಟಣಕ್ಕೆ ಸರ್ಕಾರದ ಹೆರಿಗೆ ನರ್ಸು ಬರುತ್ತಾಳೆ ಎಂಬ ಸುದ್ದಿ ಹಾಲಮ್ಮನ ಕಿವಿಗೆ ಬಿದ್ದದ್ದು ಅವಳು ಜಗಲಿಯ ಮೇಲೆ ರಾಗಿ ಕೇರುತ್ತಿದ್ದಾಗ. ಐವತ್ತೇಳನೆಯ ಇಸವಿ ಇರಬೇಕು. ಕಡೂರಿನ ಬಸ್ಸಿಳಿದು ಬಂದ ಗಂಡ ರಂಗಯ್ಯ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಪಕ್ಕದ ಖಾಲಿ ಮನೆಗೇ ಬರುವುದಂತೆ, ಹೆಸರು ಸೀತಾದೇವಿಯಂತೆ, ಯಜಮಾನರು ಅಜ್ಜಂಪುರದಲ್ಲಿ ಮೇಷ್ಟರಂತೆ, ಶನಿವಾರ ಬಂದು ಸೋಮವಾರ ಹೋಗುತ್ತಾರಂತೆ, ಕಂಕುಳಲ್ಲಿ ವರ್ಷದ ಹೆಣ್ಣು ಕೂಸೂ ಇದೆಯಂತೆ.

ಹಾಲಮ್ಮ ಮೊರ ಕೆಳಗಿಟ್ಟಳು. "ಊರ ಕೂಸುಗಳನ್ನೆಲ್ಲ ಆಯಮ್ಮ ಹಿಡಿಯಾಕೋದ್ರೆ, ಆಯಮ್ಮನ ಕೂಸು ಹಿಡಿಯೋರ್ಯಾರು?"

ಹಿಡಿದವಳು ಹಾಲಮ್ಮನೇ. ಹಿಡಿ ಎಂದು ಯಾರೂ ಹೇಳಲಿಲ್ಲ.

ಸೀತಾದೇವಿ ಉದ್ದನೆಯ ಹೆಂಗಸು. ಬಿರಬಿರನೆ ನಡೆಯುವಳು. ರೊಟ್ಟಿ ತಟ್ಟಿದರೆ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅದನ್ನು ನೋಡಿ ತಾನೇ ಮೊದಲು ನಗುವಳು. ಉಣ್ಣುತ್ತಿರುವಾಗ ಹೆರಿಗೆಗೆ ಕರೆಯಲು ಯಗಟಿ ಕಡೆಯ ಗಾಡಿ ಬಾಗಿಲಿಗೆ ಬಂದರೂ ಆಮೇಲೆ ಬಾ ಎಂದವಳಲ್ಲ. ಕೈ ತೊಳೆದು, ಚೀಲ ಎತ್ತಿಕೊಂಡು, ಮಗಳು ಗಿರಿಜೆಯನ್ನು ಎರಡು ಮನೆಯ ನಡುಗೋಡೆಯ ಮೇಲಿಂದ ಹಾಲಮ್ಮನ ಕೈಗೆ ದಾಟಿಸಿ ಗಾಡಿ ಹತ್ತಿಬಿಡುವಳು.

ಹೆರಿಗೆ ಮನೆಗೆ ಹೋಗಿ ಬಂದವರು ಮೈಲಿಗೆ. ತಲೆಗೆ ನೀರು ಬೀಳುವವರೆಗೆ ಯಾರೂ ಮುಟ್ಟುವಂತಿಲ್ಲ. ಹಾಲಮ್ಮ ಹುಟ್ಟಿದಾಗಿನಿಂದ ಕಂಡ ರೀತಿ ಅದು. ಅಮ್ಮ ಬಂದಳೆಂದು ಗಿರಿಜೆ ಓಡಿದರೆ ಲಂಗ ಹಿಡಿದು ಎಳೆದು, ಮುಟ್ಟಬೇಡ ಕಣೇ, ಅಮ್ಮ ಮೈಲಿಗೆ ಎನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು. ಸೀತಾದೇವಿ ತನ್ನ ಮನೆಯ ಒಲೆ ಹೊತ್ತಿಸಿ, ನೀರು ಕಾಯಿಸಿ, ಮಿಂದು ಬರುವಷ್ಟರಲ್ಲಿ ಕೂಸು ಹಾಲಮ್ಮನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿತ್ತು. ಹೀಗೇ ಎರಡು ವರ್ಷ ಕಳೆಯಿತು.

ಒಂದು ಬುಧವಾರ ಯಾವ ಊರಿನ ಕರೆಯೂ ಇರಲಿಲ್ಲ. ಎಣ್ಣೆ ನೀರು ಹಾಕಿಕೊಂಡು ಕೂದಲು ಹರವಿ ಕೂತಿದ್ದ ಸೀತಾದೇವಿ, ಬಾ ಎಂದು ಮಗಳಿಗೆ ಎರಡೂ ಕೈ ಚಾಚಿದಳು. ಗಿರಿಜೆ ಹಾಲಮ್ಮನ ಸೆರಗಿನ ಹಿಂದೆ ಸರಿದು ಕೇಳಿತು: "ಹಾಲವ್ವ, ಮುಟ್ಟಬೌದಾ?"

ಚಾಚಿದ ಕೈ ಹಾಗೇ ನಿಂತಿತು. ಸೀತಾದೇವಿ ಕೈ ಹಿಂದಕ್ಕೆ ತೆಗೆದುಕೊಂಡು, "ನಾನು ಕೆಲಸ ಬಿಡ್ತೀನಿ ಹಾಲಮ್ಮ. ರಾಜೀನಾಮೆ ಬರೆದು, ಶನಿವಾರ ಇವರು ಬಂದಾಗ ಇವರ ಕೈಲಿ ಕಡೂರಿನ ಆಫೀಸಿಗೆ ಕಳಿಸ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ಹಾಲಮ್ಮ ಸಮಾಧಾನ ಹೇಳಬಹುದಿತ್ತು.

ಅಂದು ಹಾಲಮ್ಮ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಕೂಸಿಗೆ ಆ ಪಾಠ ಹೇಳಿಕೊಟ್ಟವಳು ತಾನೇ. ಇತ್ತ ನರ್ಸಮ್ಮ ಹೋದರೆ ಸುತ್ತಲ ಹಳ್ಳಿಯ ಬಸುರಿಯರ ಗತಿಯೇನು ಎಂಬುದೂ ತಲೆ ತಿಂದಿತು.

ಆ ಶನಿವಾರ ಮೇಷ್ಟರು ಬರುವ ಮುಂಚೆಯೇ ಸೀತಾದೇವಿ ಯಗಟಿಯಿಂದ ಬಂದಳು. ಎರಡು ದಿನದ ಕಷ್ಟದ ಹೆರಿಗೆ, ಸೀರೆಯಲ್ಲಿ ಕಲೆ, ಕಣ್ಣು ಕೆಂಪು. ರೂಢಿಯಂತೆ ಗಿರಿಜೆ ಹೊಸಿಲಲ್ಲೇ ನಿಂತಿತು. ಹಾಲಮ್ಮ ಅಂಗಳಕ್ಕಿಳಿದು ನರ್ಸಮ್ಮನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡೇ ಗಿರಿಜಾ, ನಾನು ಮುಟ್ಬಿಟ್ಟೆ. ಏನಾಯ್ತು? ಏನೂ ಆಗ್ಲಿಲ್ಲ. ನಾನು ತಪ್ಪು ಹೇಳ್ಕೊಟ್ಟಿದ್ದೆ ಕಣೇ. ಬಾ, ಮೂರು ಜನಾನೂ ನೀರು ಹಾಕ್ಕಳಾನ."

ಕೂಸು ಒಂದೊಂದೇ ಹೆಜ್ಜೆ ಇಟ್ಟು ಬಂತು. ಅಮ್ಮನ ಕಿರುಬೆರಳನ್ನು ಮುಟ್ಟಿ ನೋಡಿತು. ಆಮೇಲೆ ಬಿಡಲೇ ಇಲ್ಲ.

ಅಂದಿನಿಂದ ಹಾಲಮ್ಮನ ಬಚ್ಚಲ ಹಂಡೆಯ ಉರಿ ಆರಿದ್ದಿಲ್ಲ. ತೋಟದ ತೆಂಗಿನಮಟ್ಟೆಯೆಲ್ಲ ಅದರ ಹೊಟ್ಟೆಗೆ. ನಮ್ಮ ಹಂಡೆಗೂ ಸರ್ಕಾರಿ ಕೆಲಸ ಸಿಕ್ತು ಎಂದು ರಂಗಯ್ಯ ಹಂಗಿಸಿದ, ಹಂಗಿಸುತ್ತಲೇ ಮಟ್ಟೆ ಹೊತ್ತು ತಂದು ಹಾಕಿದ. ಸೀತಾದೇವಿ ಬಂದವಳೇ ನೇರ ಬಚ್ಚಲಿಗೆ. ಚೊಂಬಿನಲ್ಲಿ ಬೆನ್ನಿಗೆ ನೀರು ಹೊಯ್ಯುವುದು ಗಿರಿಜೆಯ ಪಾಲಿನ ಕೆಲಸ. ಗಂಡೋ ಹೆಣ್ಣೋ, ಕೂದಲಿತ್ತೋ, ಅತ್ತಿತೋ ಎಂದು ಅದು ಕೇಳುವುದು, ಇವಳು ಹೇಳುವುದು. ತಾಯಿ ಮಗಳ ಮಾತೆಲ್ಲ ಆ ಹಬೆಯಲ್ಲೇ. ರಾಜೀನಾಮೆಯ ಕಾಗದ ಏನಾಯಿತೋ, ಹಾಲಮ್ಮ ಕೇಳಲಿಲ್ಲ.

ಅರವತ್ತಾರರಲ್ಲಿ ಸೀತಾದೇವಿಗೆ ತರೀಕೆರೆಗೆ ವರ್ಗವಾಯಿತು. ಅಜ್ಜಂಪುರಕ್ಕೆ ಹತ್ತಿರ, ಮೇಷ್ಟರು ದಿನವೂ ಮನೆಗೆ ಬರಬಹುದು. ಹಾಗಾಗಿ ಹಾಲಮ್ಮ ತಾನೇ ನಿಂತು ಗಂಟುಮೂಟೆ ಕಟ್ಟಿಸಿದಳು. ಬಸ್ಸು ಹೊರಡುವಾಗ ಸೀತಾದೇವಿ ಕಿಟಕಿಯಿಂದ ಬಗ್ಗಿ ಅವಳ ಕೈ ಹಿಡಿದಳು.

"ಹಾಲಮ್ಮ, ನನ್ನ ಜಾಗಕ್ಕೆ ಬರೋ ಹುಡುಗಿಗೆ ಎಂಟು ತಿಂಗಳ ಮಗು ಇದೆಯಂತೆ. ಹಂಡೆ ಉರಿ ಆರಿಸಬೇಡಿ ಕಣ್ರೀ."