ಮೂರನೇ ಸಲಕ್ಕೆ ದಾಟಬೇಕಾದ ಹೊಳೆ

ಮೊಬೈಲ್ ಗೇಮ್ ತಯಾರಿಕೆಯೆಂದರೆ ಎಳೆಯರ ಕೆಲಸವೆಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, ಐವತ್ತು ದಾಟಿದ ಮೇಲೆ ಆ ಕ್ಷೇತ್ರಕ್ಕೆ ಕಾಲಿಟ್ಟು, ಒಂದು ಆಟವನ್ನೂ ಚುರುಕಾಗಿ ಆಡಲು ಬಾರದೆಯೇ ಹದಿನಾರು ಆಟಗಳನ್ನು ತಿದ್ದಿಕೊಟ್ಟವರು ಶ್ರೀ ಗಂಗಾಧರಪ್ಪನವರು. ಅವರನ್ನು ಹೊಗಳುವವರು ಈ ಅಭಿನಂದನಾ ಸಂಪುಟದಲ್ಲಿ ಬೇಕಾದಷ್ಟಿದ್ದಾರೆ. ನನ್ನ ಪಾಲಿಗೆ ಉಳಿದಿರುವುದು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವ ಕೆಲಸ.

ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಎರಕದ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದ ಅವರು, 2003ರಲ್ಲಿ ಶಿವಮೊಗ್ಗದ ನಮ್ಮ ‘ಕುಂಟೆಬಿಲ್ಲೆ ಗೇಮ್ಸ್’ಗೆ ಉಗ್ರಾಣ ನೋಡಿಕೊಳ್ಳಲು ಬಂದರು. ಉಗ್ರಾಣವೆಂದರೆ ಹದಿನೆಂಟು ಹ್ಯಾಂಡ್‌ಸೆಟ್‌ಗಳಿದ್ದ ಒಂದು ಕಬ್ಬಿಣದ ಬೀರು. ಚಿತ್ರ ಬರೆಯುವವರು ಇಬ್ಬರು, ಪ್ರೋಗ್ರಾಂ ಬರೆಯುವವರು ನನ್ನನ್ನೂ ಸೇರಿಸಿ ಮೂವರು, ಮಾಲೀಕರಾದ ಕಾಂತರಾಜ್, ಇಷ್ಟೇ ಮಂದಿ. ನಾವು ಮಾಡಿದ್ದನ್ನು ನಾವೇ ಆಡಿ ಭೇಷ್ ಎಂದುಕೊಳ್ಳುವುದನ್ನು ಗಂಗಾಧರಪ್ಪನವರು ಒಂದು ತಿಂಗಳು ಸುಮ್ಮನೆ ನೋಡಿದರು. ಆಮೇಲೆ, “ಎರಕ ಹೊಯ್ದೋನೇ ತಪಾಸಣೆ ಮಾಡಿದ್ರೆ ಎಲ್ಲಾ ಪೀಸೂ ಪಾಸೇ ಕಣಮ್ಮ” ಎಂದರು.

ಅಂದಿನಿಂದ ಆಟದ ಪ್ರತಿ ಹಂತವೂ ಅವರ ಕೈಗೆ ಹೋಗತೊಡಗಿತು. ಅವರ ದಪ್ಪ ಹೆಬ್ಬೆರಳು ಮೂರನೇ ಸಲಕ್ಕೆ ದಾಟಿದರೆ ಹಂತ ಸರಿ, ಮೊದಲ ಸಲಕ್ಕೇ ದಾಟಿದರೆ ಸಪ್ಪೆ, ಹತ್ತಾದರೂ ದಾಟದಿದ್ದರೆ ತಪ್ಪು ನಮ್ಮದು. ಅವರು ಆಡುವಾಗ ಮಾಡಿದವರು ಹಿಂದೆ ಬಾಯಿ ಮುಚ್ಚಿ ನಿಲ್ಲಬೇಕು. ಅದಕ್ಕೂ ಮೊದಲು, ಒಂದು ಗೆರೆ ಬದಲಾಯಿಸಿದ್ದರೂ ಸರಿ, ಇಡೀ ಆಟವನ್ನು ಹ್ಯಾಂಡ್‌ಸೆಟ್‌ನಲ್ಲಿ ಆಡಿ ಮುಗಿಸಿ ತಪಾಸಣೆ ಕಾರ್ಡಿಗೆ ಸಹಿ ಹಾಕಬೇಕು, ಅದರ ಕೆಳಗಿನ ಸಾಲು ಅವರ ಸಹಿಗೆ.

2006ರಲ್ಲಿ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿಬಂದು, ಮರಿಯಾನೆಯೊಂದು ಹೊಳೆ ದಾಟಿ ತಾಯಿಯನ್ನು ಸೇರುವ ಆಟ ಮಾಡಿದೆವು. ಬೆಂಗಳೂರಿನ ಕಂಪನಿಯೊಂದು ಅದನ್ನು ಒಪ್ಪಿದರೆ ಸಂಸ್ಥೆ ಉಳಿಯುತ್ತಿತ್ತು, ಇಲ್ಲದಿದ್ದರೆ ಬೀಗ. ಕಳಿಸಬೇಕಾದ ದಿನ ಬೆಳಿಗ್ಗೆ, ಚೆನ್ನಾಗಿ ಕಾಣಲೆಂದು ನಾನು ಹೊಳೆಯ ನೀರನ್ನು ಸ್ವಲ್ಪ ಏರಿಸಿದೆ. ಕಂಪ್ಯೂಟರಿನಲ್ಲಿ ಚಿತ್ರವನ್ನಷ್ಟೇ ನೋಡಿ, ಆಡದೆಯೇ ಕಾರ್ಡಿಗೆ ಸಹಿ ಹಾಕಿದೆ.

ಗಂಗಾಧರಪ್ಪನವರು ಆಡಲು ಕುಳಿತರು. ಮರಿಯಾನೆ ನೀರಿಗಿಳಿಯಿತು, ಆಚೆ ದಡ ಹತ್ತಲಿಲ್ಲ. ಅವರ ಬೆರಳೇ ನಿಧಾನವೆಂದು ಮೊದಲು ಸಮಾಧಾನಪಟ್ಟುಕೊಂಡೆ. ಆರನೇ ಸಲವೂ ಹತ್ತದಿದ್ದಾಗ, ನಾನು ಏರಿಸಿದ ನೀರಿನಲ್ಲಿ ಮರಿಯ ಕಾಲು ನೆಲಕ್ಕೆ ತಾಗುತ್ತಿಲ್ಲವೆಂದು ಹೊಳೆಯಿತು. ಅವರು ತಿರುಗಿ ನೋಡದೆ ಆಡುತ್ತಲೇ ಇದ್ದರು. ಒಂಬತ್ತನೇ ಸಲಕ್ಕೆ ನಿಯಮ ಮುರಿದು, “ಸಾರ್, ನಾನು ಆಡೇ ಇಲ್ಲ” ಎಂದೆ.

“ನಾಲ್ಕನೇ ಸಲಕ್ಕೇ ಗೊತ್ತಾಯ್ತಮ್ಮ. ನೀನೇ ಹೇಳ್ಲಿ ಅಂತ ಆಡ್ತಿದ್ದೆ.”

ನಂತರ ಎದ್ದುಹೋಗಿ ಕಾಂತರಾಜ್ ಅವರಿಗೆ, “ನನ್ ಕೈ ನಿಧಾನ, ಇನ್ನೂ ಮುಗ್ದಿಲ್ಲ. ಒಂದಿನ ಟೈಮ್ ಕೇಳಿ” ಎಂದರು. ಬೈಸಿಕೊಂಡವರು ಗಂಗಾಧರಪ್ಪನವರೇ, ನಾನಲ್ಲ. ಮರುದಿನ ನಾನು ನೀರನ್ನು ಮೊದಲಿನ ಮಟ್ಟಕ್ಕಿಳಿಸಿ, ಹನ್ನೆರಡು ಹಂತವನ್ನೂ ಆಡಿ ಸಹಿ ಹಾಕಿದೆ, ಅವರು ಮೂರನೇ ಸಲಕ್ಕೆ ಹೊಳೆ ದಾಟಿದರು, ಆಟ ಒಪ್ಪಿಗೆಯಾಯಿತು. ಆ ಒಂದು ದಿನದ ತಡ ಯಾರದೆಂದು ಕಾಂತರಾಜ್ ಅವರಿಗೆ ತಿಳಿಯುತ್ತಿರುವುದು ಈ ಲೇಖನದಿಂದಲೇ.

ಗಂಗಾಧರಪ್ಪನವರು ಇಂದು ನಿವೃತ್ತರಾಗುತ್ತಿದ್ದಾರೆ. ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ದೊರೆಯಲೆಂದು ಹಾರೈಸುತ್ತೇನೆ, ಆದರೆ ಬಿಡುವು ದೊರೆಯಲೆಂದು ಹಾರೈಸಲಾರೆ. ಹೊಸ ಆಟದ ಕಾರ್ಡಿಗೆ ಪೂರ್ತಿ ಆಡಿಯೇ ಸಹಿ ಹಾಕಿದ್ದೇನೆ, ಕೆಳಗಿನ ಸಾಲು ಖಾಲಿಯಿದೆ. ಸೋಮವಾರ ಮಲವಗೊಪ್ಪದ ಅವರ ಮನೆಗೆ ಹ್ಯಾಂಡ್‌ಸೆಟ್ ತೆಗೆದುಕೊಂಡು ಹೋಗಿ, ಅವರ ಹಿಂದೆ ಬಾಯಿ ಮುಚ್ಚಿ ನಿಲ್ಲುತ್ತೇನೆ.

– ಧನಲಕ್ಷ್ಮಿ