ಬಾಬಾಲಾಲ ತೆಗೆದ ವಿಡಿಯೋ

ಹತ್ತರಗಿಯ ಹೈವೇ ಪಕ್ಕದಲ್ಲಿ ಪೈಪಿನ ಅಂಗಡಿ ಯಾರದು ಎಂದು ಕೇಳಿದರೆ ಎಮ್ಮೆ ಮೇಯಿಸುವವನೂ ಬಾಬಾಲಾಲ ನದಾಫನ ಕಡೆ ಕೈ ತೋರಿಸುತ್ತಾನೆ. ಅವನ ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹುಕ್ಕೇರಿ ಸೀಮೆಯ ಊರೂರು ತಿರುಗಿ ಗಾದಿ ತುಂಬಿದವನು. ಮಗ ಗಾದಿ ಬಿಟ್ಟು ಪೈಪು ಹಿಡಿದ. ನಡುವೆ ಕೆಲವು ವರ್ಷ ಹೆಗಲಿಗೆ ಹಸಿರು ಟವೆಲ್ಲೂ ಬಂದಿತ್ತು. ಕಬ್ಬಿನ ಬೆಲೆಗಾಗಿ ರಸ್ತೆ ತಡೆದ, ಲಾರಿ ಚಕ್ರದ ಮುಂದೆ ಮಲಗಿದ, ಬೆನ್ನಿಗೆ ಲಾಠಿ ತಿಂದ. ಆಮೇಲೆ ಚಳವಳಿ ಸಣ್ಣದಾಯಿತು, ಅಂಗಡಿ ದೊಡ್ಡದಾಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ, ಬಹಳ ಜನರಿಗೆ ಹಾಗೇ ಆಗಿದೆ.

ಹೆಚ್ಚು ಮಾಲು ಮಾರಿದ ವ್ಯಾಪಾರಿಗಳನ್ನು ಕಂಪನಿ ಟರ್ಕಿಯ ಸಮುದ್ರ ದಂಡೆಗೆ ಕರೆದೊಯ್ಯುತ್ತದೆ ಎಂಬ ಸುದ್ದಿ ತಂದವನು ಕಂಪನಿಯ ಸೇಲ್ಸ್ ಆಫೀಸರ್ ಕಿಶೋರ. ಆಗಿನ್ನೂ ಟರ್ಕಿಯ ಹೆಸರೆತ್ತಿದರೆ ನಮ್ಮಲ್ಲಿ ಯಾರೂ ಮುಖ ಗಂಟು ಹಾಕುತ್ತಿರಲಿಲ್ಲ.

“ಜೋಡೀಲೆ ಬರಬೇಕ್ರಿ ಬಾಬಾಲಾಲ ಕಾಕಾ. ನಿಮ್ಮ ಮಂದಿ ದೇಶ ಅದು. ಅಲ್ಲಿ ನೀವ ನಮ್ಮ ಲೀಡರ್” ಎಂದ ಕಿಶೋರ.

ಟರ್ಕಿ ಯಾವ ದಿಕ್ಕಿಗಿದೆ ಎಂದು ಬಾಬಾಲಾಲನಿಗೆ ಗೊತ್ತಿರಲಿಲ್ಲ. ಆದರೂ ಎದೆ ಒಂದು ಗೇಣು ಉಬ್ಬಿತು.

ಹೆಂಡತಿ ಮೆಹರುನಬಿ ಸಂಕೇಶ್ವರದವಳು, ಅಂಗಡಿ ದೊಡ್ಡದಾದ ಮೇಲೂ ಮನೆಯ ಎಮ್ಮೆ ಹಿಂಡುವವಳು ಅವಳೇ. ತವರುಮನೆ ಹಿರಣ್ಯಕೇಶಿಯ ದಂಡೆಗೇ ಇತ್ತು. ಹುಡುಗಿಯಾಗಿದ್ದಾಗ ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಹಾರಿ ಆಚೆ ದಂಡೆ ಮುಟ್ಟಿ ಬರುತ್ತಿದ್ದವಳು ಮದುವೆಯಾದ ಮೇಲೆ ನೀರಿಗೆ ಇಳಿದಿರಲಿಲ್ಲ. ಸೊಸೆಯಾದವಳು ಈಜುತ್ತೇನೆಂದರೆ ಯಾವ ಅತ್ತೆ ಬಿಟ್ಟಾಳು? ಟರ್ಕಿಯ ಸುದ್ದಿ ಕೇಳಿ ಅವಳು ವಿಮಾನದ ಬಗ್ಗೆ ಕೇಳಲಿಲ್ಲ, ಊಟದ ಬಗ್ಗೆಯೂ ಕೇಳಲಿಲ್ಲ.

“ಖರೇನ ಸಮುದ್ರ ಐತೇನ್ರಿ ಅಲ್ಲಿ?”

“ಹೋಟೆಲ್ ಮುಂದನ ಐತಂತ.”

“ಹಂಗಾರ ನಾ ಈಜ್ತೇನಿ.”

“ಈಜು, ಯಾರ ಬ್ಯಾಡ ಅಂತಾರ?”

ಅವಳು ಸಂಕೇಶ್ವರದ ದರ್ಜಿಯ ಹತ್ತಿರ ಹೋಗಿ ಕಡುನೀಲಿ ನೈಲಾನ್ ಬಟ್ಟೆಯಲ್ಲಿ ಉದ್ದ ತೋಳಿನ ಕುರ್ತಾ, ಪಾಯಜಾಮ, ತಲೆಗೆ ಬಿಗಿಯಾಗಿ ಕೂರುವ ಟೋಪಿ ಹೊಲಿಸಿಕೊಂಡಳು. ಇಡೀ ಪ್ರವಾಸದಲ್ಲಿ ಅವಳಿಗೆ ಬೇಕಾಗಿದ್ದದ್ದು ಇದೊಂದೇ.

ಮುಂಬೈ ವಿಮಾನ ನಿಲ್ದಾಣದಲ್ಲಿ ಕಿಶೋರ ಎಲ್ಲರನ್ನೂ ನಿಲ್ಲಿಸಿ ಬುದ್ಧಿ ಹೇಳಿದ: ಮಸೀದಿಗೆ ಹೋದರೆ ಮೈ ಮುಚ್ಚುವ ಬಟ್ಟೆ ಇರಲಿ, ಕೇಳದೆ ಯಾರದೂ ಫೋಟೋ ತೆಗೆಯಬೇಡಿ, ದೊಡ್ಡ ದನಿಯಲ್ಲಿ ಒದರಬೇಡಿ. ಬಾಬಾಲಾಲ ಅದನ್ನೇ ಮತ್ತೊಮ್ಮೆ, ಇನ್ನೂ ದೊಡ್ಡ ದನಿಯಲ್ಲಿ, ಎಲ್ಲರಿಗೂ ಒದರಿದ.

ಮೊದಲೆರಡು ದಿನ ಅವನ ಲೀಡರ್‌ಗಿರಿ ಚೆನ್ನಾಗಿಯೇ ನಡೆಯಿತು. ಅಂತಾಲ್ಯಾ ಊರಿನ ಹಳೇ ಮಸೀದಿಯಲ್ಲಿ ಚಡ್ಡಿಯಲ್ಲೇ ಒಳನುಗ್ಗುತ್ತಿದ್ದ ಸತ್ತೆಪ್ಪನನ್ನು ಹಿಂದಕ್ಕೆಳೆದು ಸೊಂಟಕ್ಕೆ ಲುಂಗಿ ಸುತ್ತಿಸಿದ. ಸತ್ತೆಪ್ಪ ಮಸಗುಪ್ಪಿಯವನು, ಮೂಡಲಗಿಯಲ್ಲಿ ಇಂಥದೇ ಅಂಗಡಿ, ರಸ್ತೆ ತಡೆಯುವ ಕಾಲದಿಂದಲೂ ದೋಸ್ತ. ಅವನ ಹೆಂಡತಿ ಸೀತವ್ವ ವಿಮಾನಕ್ಕೆ ಹೆದರಿ ಬಂದಿರಲಿಲ್ಲ. ಹೋಟೆಲ್ಲಿನಲ್ಲಿ ಬಾಬಾಲಾಲ ಎದೆಗೆ ಕೈಯಿಟ್ಟು ನಮಸ್ಕರಿಸುವುದನ್ನು ಕಲಿತ. ಚಹಾಕ್ಕೆ ಚಾಯ್, ಸಾಬೂನಿಗೆ ಸಾಬೂನ್, ಹವೆಗೆ ಹವಾ, ಅಂಗಡಿಗೆ ದುಕಾನ್! ನೋಡ್ರಿ, ಎಲ್ಲಾ ನಮ್ಮದೇ ಮಾತು ಎಂದು ತಿರುಗಾಡಿದ. ಬೆಳಗಿನ ನಾಷ್ಟಾಕ್ಕೆ ನಾಲ್ಕು ನಮೂನೆಯ ಆಲಿವ್, ಹುರಿದ ಬದನೆ, ಜೇನಿನ ಗೂಡನ್ನೇ ಕತ್ತರಿಸಿ ಇಟ್ಟಿರುತ್ತಿದ್ದರು. ತಟ್ಟೆ ತುಂಬ ಹೇರಿಕೊಂಡು ಬಂದು ನೀಲಿ ಸಮುದ್ರದ ಎದುರು ಕೂತು ತಿನ್ನುವುದೆಂದರೆ ಸುಖವಲ್ಲ ಎನ್ನಲು ಸಾಧ್ಯವಿಲ್ಲ. ಸುಖವೇ.

ಮೆಹರುನಬಿ ಮೊದಲ ದಿನವೇ ಕೋಣೆಯಲ್ಲಿ ನೀಲಿ ಬಟ್ಟೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಆ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರಾ ಕನ್ನಡ.

“ಇದೇನ ಇದು?” ಎಂದ ಬಾಬಾಲಾಲ.

“ಈಜೂ ಅರಬಿ. ಹೆಂಗ ಕಾಣ್ತೇನಿ?”

“ಕೆಳಗ ನೋಡಿಯೇನು? ಅಲ್ಲಿ ಎಲ್ಲಾರೂ ಅಂಗೈಯಷ್ಟ ಅರಬಿ ಹಾಕ್ಕೊಂಡಾರ. ನೀ ಇದನ್ನ ಹಾಕ್ಕೊಂಡ ಇಳದ್ರ ಮಂದಿ ನಗ್ತಾರ.”

“ಹಂಗಾರ ನಾನೂ ಅಂಗೈಯಷ್ಟ ಹಾಕ್ಕೊಳ್ಳೇನು?”

“ಹಂಗಂದ್ನೇನು ನಾ? ಕಂಪನಿ ಮಂದಿ ಅದಾರ. ನನ್ನ ಮರ್ಯಾದಿ ನೋಡೂದು ಬ್ಯಾಡೇನು? ನಾಳೆ ನೋಡೂಣು.”

ಮರುದಿನವೂ ನಾಳೆ ನೋಡೂಣು ಎಂದ. ಅವಳು ಛತ್ರಿಯ ನೆರಳಲ್ಲಿ ಸೀರೆ ಉಟ್ಟು ಕೂತು ಸಮುದ್ರವನ್ನು ನೋಡಿದಳು. ಅಷ್ಟು ನೀರಿನ ಎದುರು ಕಾಲು ಕೂಡ ತೋಯಿಸಲಿಲ್ಲ.

ಮೂರನೆಯ ದಿನ ಭಾನುವಾರ. ಹೋಟೆಲ್ಲಿನ ದಂಡೆಗೂ ಊರಿನವರ ದಂಡೆಗೂ ನಡುವೆ ಒಂದು ಹಗ್ಗ ಕಟ್ಟಿದ್ದರು, ಅಷ್ಟೇ. ಹಗ್ಗದ ಆಚೆ ಊರಿನ ಸಂಸಾರಗಳು ಕಲ್ಲಂಗಡಿ, ರೊಟ್ಟಿ, ಚಹಾದ ಕಿಟ್ಲಿ ಕಟ್ಟಿಕೊಂಡು ಬಂದು ಚಾಪೆ ಹಾಸಿದ್ದವು. ಅವರಲ್ಲಿ ನಾಲ್ಕೈದು ಹೆಂಗಸರು ಕೈಕಾಲು, ತಲೆ ಎಲ್ಲ ಮುಚ್ಚುವ ಈಜುಬಟ್ಟೆ ಹಾಕಿಕೊಂಡು ನೀರಿನಲ್ಲಿ ಕೇಕೆ ಹಾಕುತ್ತಿದ್ದರು.

ಬೆಳಿಗ್ಗೆಯೇ ಪುಕ್ಕಟೆ ಬಿಯರ್ ಏರಿಸಿದ್ದ ಸತ್ತೆಪ್ಪ ಬಾಬಾಲಾಲನ ಪಕ್ಕೆಗೆ ತಿವಿದ. “ಏ, ನೋಡಲ್ಲೆ. ಮುಸುಕ ಹಾಕ್ಕೊಂಡ ಈಜಾಕತ್ತಾರಲೋ! ನಿಮ್ಮ ಮಂದೀನ ಇರಬೇಕ.”

‘ನಿಮ್ಮ ಮಂದಿ’ ಎಂಬ ಮಾತು ಎರಡು ದಿನ ಬೆಲ್ಲದಂತೆ ಹತ್ತಿತ್ತು, ಈಗ ಮುಳ್ಳಿನಂತೆ ಚುಚ್ಚಿತು. ನಾನು ಅಂಥವನಲ್ಲ ಎಂದು ತೋರಿಸಬೇಕಾಯಿತು. ಅದಕ್ಕೆ ಇರುವ ಸುಲಭದ ದಾರಿ ಎಲ್ಲರಿಗಿಂತ ಮುಂಚೆ ತಾನೇ ನಗುವುದು. ಬಾಬಾಲಾಲ ಫೋನ್ ತೆಗೆದು ಹೆಂಗಸರ ಕಡೆ ಹಿಡಿದು ಶುರುಮಾಡಿದ:

“ಹತ್ತರಗಿ ದೋಸ್ತರ, ನೋಡ್ರಿ ಇಲ್ಲಿ! ನಮ್ಮಪ್ಪ ತುಂಬಿದ್ದ ಗಾದಿ ಎಲ್ಲಿ ಹೋದ್ವೋ ಅಂತಿದ್ದೆ. ಕವರ್ ಅಷ್ಟ ಟರ್ಕಿಗೆ ಈಜಾಕ ಬಂದಾವ!”

ಸತ್ತೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಬಾಲಾಲ ಆ ವಿಡಿಯೋವನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಪೈಪು ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಅಲ್ಲಿಂದಲೇ ಕಳಿಸಿದ.

ಹಗ್ಗದ ಆಚೆ ಒಬ್ಬ ಮುದುಕಿ ಎದ್ದು ನಿಂತಳು. ಹೂವಿನ ಚಿತ್ರದ ದೊಗಳೆ ಪಾಯಜಾಮ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಚಹಾದ ಲೋಟ. ಅವನ ಫೋನಿಗೆ ಬೆರಳು ತೋರಿಸಿ ಅಂದಳು:

“ಅಯಿಪ್!” ಆಮೇಲೆ ಒಂದೊಂದೇ ಅಕ್ಷರ ಒತ್ತಿ, “ಚೋಕ್ ಅಯಿಪ್!”

“ಏನಂತೋ ಮುದುಕಿ? ಚಾ ಕುಡಿಯಾಕ ಕರ್ಯಾಕತ್ತಾಳೇನು?” ಎಂದ ಸತ್ತೆಪ್ಪ.

ಬಾಬಾಲಾಲನಿಗೆ ತಿಳಿದಿತ್ತು. ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ನೋಡಿ ‘ಐಬು ಏನೂ ಇಲ್ಲ’ ಎನ್ನುತ್ತಾರೆ. ಅವನ ಅವ್ವ ಅದೇ ಮಾತನ್ನು ಮನುಷ್ಯರಿಗೂ ಬಳಸುತ್ತಿದ್ದಳು. ಹೆಂಗಸರು ನೀರು ತುಂಬುವಲ್ಲಿ ನಿಂತು ನೋಡುವವನಿಗೆ, ಬಡವರ ತಟ್ಟೆ ಇಣುಕುವವನಿಗೆ ಐಬ್ ಎಂದು ಉಗುಳುತ್ತಿದ್ದಳು. ಎರಡು ದಿನದಿಂದ ನಮ್ಮದೇ ಮಾತು, ನಮ್ಮದೇ ಮಾತು ಎಂದು ಹೆಕ್ಕುತ್ತ ತಿರುಗಿದ್ದವನಿಗೆ ಈ ಒಂದು ಮಾತು ತಾನಾಗಿಯೇ ಬಂದು ಕೆನ್ನೆಗೆ ಬಿತ್ತು.

“ಐಬು ಅಂದ್ಲಲ್ರಿ?”

ಹಿಂದೆ ಮೆಹರುನಬಿ ನಿಂತಿದ್ದಳು. ಇವತ್ತು ಅವನನ್ನು ಕೇಳದೆಯೇ ನೀಲಿ ಬಟ್ಟೆ ಹಾಕಿ, ಮೇಲೆ ಟವೆಲ್ ಹೊದ್ದು ಬಂದಿದ್ದಳು. ಗಾದಿ ಕವರಿನ ಮಾತು ಪೂರಾ ಕೇಳಿಸಿಕೊಂಡಿದ್ದಳು.

“ಚಾಷ್ಟಿಗೆ ಮಾಡಿದ್ದು. ನೀ ದೊಡ್ಡದ ಮಾಡಬ್ಯಾಡ” ಎಂದ.

“ಸಂಕೇಶ್ವರದಾಗ ಕಬ್ಬಿನ ಬೆಲೆಗೆ ನಾವು ಹೆಣ್ಮಕ್ಕಳೂ ರಸ್ತಾದ ಮ್ಯಾಲ ಮಲಗಿದಾಗ ಟಿವಿಯವ ನಮ್ಮ ಮಾರಿಗೆ ಕ್ಯಾಮೆರಾ ಹಿಡದಿದ್ದ. ಅವನ ಕೊಳ್ಳಪಟ್ಟಿ ಹಿಡದವ ಯಾರು?”

ಬಾಬಾಲಾಲ ಫೋನನ್ನು ಜೇಬಿಗೆ ತುರುಕಿದ.

“ನಮ್ಮ ಹೆಣ್ಮಕ್ಕಳನ್ನ ಏನಂತ ತಿಳದೀಲೇ ಅಂತ ಒದರಿದ್ರಿ. ಇವರು ಯಾರ ಹೆಣ್ಮಕ್ಕಳ್ರಿ?”

ಅವಳು ಟವೆಲ್ ತೆಗೆದು ಅವನ ಹೆಗಲಿಗೆ ಎಸೆದು ಹಗ್ಗ ದಾಟಿದಳು. ಮುದುಕಿಯ ಮುಂದೆ ಎದೆಗೆ ಕೈಯಿಟ್ಟು ನಿಂತಳು. ಮುದುಕಿ ಅವಳ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, “ಹಿಂದಿಸ್ತಾನ್?” ಎಂದಳು.

“ಹೂಂ, ಹಿಂದೂಸ್ತಾನ. ಸಂಕೇಶ್ವರ” ಎಂದಳು ಮೆಹರುನಬಿ.

ಮುದುಕಿಗೆ ಸಂಕೇಶ್ವರ ತಿಳಿಯಿತೋ ಬಿಟ್ಟಿತೋ, ಅವಳ ಕೈ ಹಿಡಿದು ನೀರಿನವರೆಗೂ ಕರೆದೊಯ್ದಳು. ನೀರಿನಲ್ಲಿದ್ದವರು ಜಾಗ ಬಿಟ್ಟರು. ಮೆಹರುನಬಿ ಸೊಂಟದ ನೀರಿಗೆ ಹೋಗಿ, ಒಂದು ಕ್ಷಣ ನಿಂತು, ಹೊಳೆಗೆ ಬೀಳುವವಳ ಹಾಗೆ ಬಿದ್ದಳು.

ಬಾಬಾಲಾಲ ಫೋನ್ ತೆಗೆದು ಗುಂಪಿನಿಂದ ವಿಡಿಯೋ ಅಳಿಸಿದ. ಅಷ್ಟರಲ್ಲಿ ನಗುವ ಮುಖಗಳ ಸಾಲು ಬಂದುಬಿಟ್ಟಿತ್ತು. ಒಬ್ಬ ಬರೆದಿದ್ದ: ‘ಇದರಾಗ ನಮ್ಮ ವೈನಿ ಯಾವ ಕವರು?’ ಹೆಂಡತಿಯ ಮೇಲಿನ ಆ ಮಾತು ಓದಿ ಅವನ ಕಿವಿ ಕಾದ ತಗಡಿನಂತಾಯಿತು.

ಹಗ್ಗ ದಾಟಿ ಮುದುಕಿಯ ಹತ್ತಿರ ಹೋಗಿ, “ಮಾಫ್ ಮಾಡ್ರಿ ಅಜ್ಜಿ” ಎಂದ. ಅಳಿಸಿದ್ದನ್ನು ತೋರಿಸಲು ಫೋನ್ ಮುಂದೆ ಹಿಡಿದ. ಅವಳು ಅದರ ಕಡೆ ನೋಡಲೇ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು, ಸಮುದ್ರಕ್ಕೆ ಬೆನ್ನಾಗುವಂತೆ ತಿರುಗಿಸಿ, ಕೂರು ಎಂದು ಕೈಮಾಡಿದಳು. ಅವನು ಕೂತ. ಕೈಗೆ ಒಂದು ಸಣ್ಣ ಲೋಟ ಚಹಾ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಚಹಾ ಕೈಯಲ್ಲೇ ಆರಿಹೋಯಿತು.

ಹಗ್ಗದ ಆ ಕಡೆಯಿಂದ ಸತ್ತೆಪ್ಪ ಕೂಗಿದ, “ಏನೋ, ಸಾಲ್ಯಾಗ ಮಾಸ್ತರ ಗ್ವಾಡಿಗೆ ಮಾರಿ ಮಾಡಿ ಕುಂದ್ರಿಸಿದಂಗ ಕುಂತಿಯಲ್ಲ!”

ಬೆನ್ನ ಹಿಂದೆ ಹೆಂಗಸರ ನಗು, ನೀರು ಬಡಿಯುವ ಸದ್ದು. ಅದರಲ್ಲಿ ಒಂದು ನಗು ತನ್ನ ಹೆಂಡತಿಯದು ಎಂದು ಗುರುತಿಸಲು ಅವನಿಗೆ ತುಸು ಹೊತ್ತು ಬೇಕಾಯಿತು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿರಲಿಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಉಳಿದ ದಿನ ಮೆಹರುನಬಿ ಬೆಳಿಗ್ಗೆ ಎದ್ದು ತಾನೇ ಹಗ್ಗ ದಾಟಿ ಹೋದಳು. ಬಾಬಾಲಾಲ ಒಬ್ಬನೇ ಕೂತು ಜೇನು ತಿಂದ.

ಊರಿಗೆ ಬಂದ ಮೇಲೆ ಗೋಕಾಕದಲ್ಲಿ ವ್ಯಾಪಾರಿಗಳ ಸಭೆ ನಡೆಯಿತು, ಸಂಸಾರ ಸಮೇತ. ಊಟಕ್ಕೆ ಮುಂಚೆ ಕಿಶೋರ ದೊಡ್ಡ ಪರದೆಯ ಮೇಲೆ ಟರ್ಕಿಯ ಫೋಟೋ ತೋರಿಸಿದ. ಮಸೀದಿ, ಹಡಗು, ಲುಂಗಿ ಸುತ್ತಿದ ಸತ್ತೆಪ್ಪ. ಆಮೇಲೆ ಇದ್ದಕ್ಕಿದ್ದಂತೆ ಆ ವಿಡಿಯೋ ಬಂತು. ಅಳಿಸುವ ಮುಂಚೆಯೇ ಯಾರೋ ಇಳಿಸಿಟ್ಟುಕೊಂಡು, ತಮಾಷೆಗಿರಲಿ ಎಂದು ಕಿಶೋರನಿಗೆ ಕೊಟ್ಟಿದ್ದರು. ಆ ಹೆಂಗಸರು ಈಗ ಗೋಡೆಯಷ್ಟು ದೊಡ್ಡದಾಗಿ ಈಜುತ್ತಿದ್ದರು. ಬಾಬಾಲಾಲನದೇ ಗಂಟಲು ಸಭಾಂಗಣ ತುಂಬಿ ‘ಗಾದಿ ಕವರ್’ ಎಂದಿತು. ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಮೆಹರುನಬಿ ಪರದೆ ನೋಡಲಿಲ್ಲ, ಅವನನ್ನು ನೋಡಿದಳು.

ಬಾಬಾಲಾಲ ಎದ್ದ. “ಬಂದ್ ಮಾಡ್ರಿ ಅದನ್ನ!”

ಜನ ಅದನ್ನೂ ಚಾಷ್ಟಿ ಎಂದುಕೊಂಡರು. “ಒನ್ಸ್ ಮೋರ್!” ಎಂದು ಒಬ್ಬ ಸಿಳ್ಳೆ ಹೊಡೆದ.

“ನಗಬ್ಯಾಡ್ರಿ! ಅದರಾಗ ನನ್ನ ಹೆಂಡ್ತಿ ಅದಾಳ!”

ಸಭೆ ಗಪ್ಪಾಯಿತು. ಕಿಶೋರ ಓಡಿಹೋಗಿ ಪರದೆ ಆರಿಸಿದ. ಖರೆ ಗೊತ್ತಿದ್ದ ಸತ್ತೆಪ್ಪ ತಲೆ ತಗ್ಗಿಸಿ ಚಪ್ಪಲಿ ನೋಡತೊಡಗಿದ. ಊಟದ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಗಂಡಸರು ಬಂದು ಮೆಹರುನಬಿಗೆ ಕೈಮುಗಿದರು. “ತಪ್ಪಾತ್ರಿ ವೈನಿ. ನೀವದೀರಿ ಅಂತ ನಮಗ ಗೊತ್ತಿರ್ಲಿಲ್ಲ.” ಬಾಬಾಲಾಲನಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ.

ವಾಪಸು ಬರುವಾಗ ಕಾರು ಘಟಪ್ರಭಾ ದಾಟಿತು. ಆಮೇಲೆ ಅವಳೇ ಕೇಳಿದಳು:

“ನಾ ಎಲ್ಲಿದ್ದೆ ಅದರಾಗ?”

“ಇರ್ಲಿಲ್ಲ.”

“ಮತ್ತ?”

“ಹಂಗಂದ್ರಷ್ಟ ಬಂದ್ ಮಾಡ್ತಿದ್ರು.”

“ಅಂದ್ರ, ಗುರ್ತಿನವನ ಹೆಂಡ್ತಿ ಆದ್ರ ಐಬು. ಆ ಅಜ್ಜಿ ಮಗಳು, ಸೊಸಿ ಆದ್ರ ಚಾಷ್ಟಿ. ಹೌದಿಲ್ಲೋ?”

ಕೈಮುಗಿದವರ ಮುಖಗಳು ಬಾಬಾಲಾಲನ ಕಣ್ಣ ಮುಂದೆ ಬಂದವು; ತನ್ನ ಮುಖವೂ ಅದೇ ಸಾಲಿನಲ್ಲಿತ್ತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಫೋನ್ ತೆಗೆದು, ಆ ಗುಂಪಿಗೆ ಮಾತಿನಲ್ಲೇ ಹೇಳಿದ:

“ನಾ ಬಾಬಾಲಾಲ. ಅದರಾಗ ನನ್ನ ಹೆಂಡ್ತಿ ಇರ್ಲಿಲ್ಲ, ಸುಳ್ಳ ಹೇಳಿದ್ನಿ. ಅವರು ಆ ಊರ ಹೆಣ್ಮಕ್ಕಳು. ಅವರನ್ನ ಕೇಳದ ತೆಗದವ ನಾನು, ಗಾದಿ ಕವರ್ ಅಂದವ ನಾನು. ಯಾರ್ಯಾರ ಹಂತ್ಯಾಕ ಐತಿ, ಅಳಸ್ರಿ.”

ಕಳಿಸಿ ಕಾದು ಕೂತ. ಕೇಳಿದವರ ಹೆಸರುಗಳು ಒಂದೊಂದಾಗಿ ತೆರೆಯ ಮೇಲೆ ಬಂದವು. ನಗುವ ಮುಖ ಯಾರೂ ಹಾಕಲಿಲ್ಲ. ಅಳಿಸಿದೆ ಎಂದೂ ಯಾರೂ ಬರೆಯಲಿಲ್ಲ.

“ಗಾಡಿ ಬಿಡ್ರಿ” ಎಂದಳು ಮೆಹರುನಬಿ. “ಎಮ್ಮಿ ಹಿಂಡೂ ಹೊತ್ತಾತು.”